ವಾಲಿಯ ಪ್ರಶ್ನೆಯೂ ಇಂದಿನ ಧರ್ಮಸಂಕಟಗಳೂ



ಆದಿಕವಿ ವಾಲ್ಮೀಕಿಯ ಕಿಷ್ಕಿಂಧಾಕಾಂಡವು ಈ ಸೀಮೆಯವರಿಗೆ ದೂರದೇಶದ ಕಥೆಯಲ್ಲ. ಗಂಗಾವತಿಯ ಬಳಿಯ ಆನೆಗೊಂದಿಯ ಸುತ್ತಣ ಬೆಟ್ಟಗಳೇ ಕಿಷ್ಕಿಂಧೆಯೆಂಬುದು ಇಲ್ಲಿನ ಜನರ ಬಹುಕಾಲದ ನಂಬಿಕೆಯಾಗಿರುವುದು. ಪಂಪಾಸರೋವರವೂ ಅಂಜನಾದ್ರಿಯೂ ಅಲ್ಲಿಯೇ ಇರುವವು. ಶ್ರೀರಾಮನು ವಾಲಿಯ ಮೇಲೆ ಬಾಣಬಿಟ್ಟ ಸ್ಥಳವೆಂದು ಚಿಂತಾಮಣಿಯನ್ನು ತೋರಿಸುವರು. ಹೊಳೆಯಾಚೆ ನಿಂಬಾಪುರದ ಬೂದಿಯ ದಿಬ್ಬವನ್ನು ವಾಲಿಯ ದಹನಸ್ಥಾನವೆನ್ನುವರು. ಸ್ಥಳಪುರಾಣದ ಸತ್ಯಾಸತ್ಯವಿಚಾರವು ಈ ಉಪನ್ಯಾಸದ ಉದ್ದೇಶವಲ್ಲ. ಆ ಸ್ಥಳಗಳಲ್ಲಿ ಇಂದಿಗೂ ಕೇಳಿಬರುವ ಪ್ರಶ್ನೆಯೊಂದುಂಟು. ಅದನ್ನು ಮಾತ್ರ ವಿಚಾರಿಸತಕ್ಕದ್ದು.

ಅಣ್ಣನು ರಾಕ್ಷಸನನ್ನು ಬೆನ್ನಟ್ಟಿ ಬಿಲವನ್ನು ಹೊಕ್ಕನು. ತಮ್ಮನು ಬಾಗಿಲಲ್ಲಿ ಒಂದು ವರ್ಷ ಕಾದು, ಹರಿದುಬಂದ ರಕ್ತವನ್ನು ಕಂಡು, ಅಣ್ಣನು ಮಡಿದನೆಂದು ಬಗೆದು, ಬಿಲಕ್ಕೆ ಬಂಡೆಯನ್ನು ಮುಚ್ಚಿ ಮನೆಗೆ ಬಂದನು. ಅಣ್ಣನು ಜೀವಂತನಾಗಿ ಹಿಂದಿರುಗಿ ಅದನ್ನು ದ್ರೋಹವೆಂದೇ ತಿಳಿದು, ತಮ್ಮನನ್ನು ಹೊರದೂಡಿ ಅವನ ಹೆಂಡತಿಯಾದ ರುಮೆಯನ್ನು ಇಟ್ಟುಕೊಂಡನು. ಇಷ್ಟರವರೆಗೆ ಇದು ಯಾವ ಊರಿನಲ್ಲಾದರೂ ನಡೆಯಬಹುದಾದ ದಾಯಾದಿಗಳ ಜಗಳ. ಚಾವಡಿಯ ಪಂಚರು ಇಬ್ಬರ ಮಾತನ್ನೂ ಕೇಳಿದ್ದರೆ ಅಲ್ಲಿಗೇ ಮುಗಿಯುತ್ತಿತ್ತೇನೋ! ಆದರೆ ವಾಲಿಯು ತಮ್ಮನ ಮಾತಿಗೆ ಕಿವಿಗೊಡಲಿಲ್ಲ. ಮುಂದೆ ರಾಮನೂ ಸುಗ್ರೀವನ ಮಾತನ್ನು ಕೇಳಿ ಸಖ್ಯಮಾಡಿದನಲ್ಲದೆ, ವಾಲಿಯನ್ನು ಕರೆದು ವಿಚಾರಿಸಲಿಲ್ಲ.

ಬಾಣವು ನಾಟಿ ಬಿದ್ದ ವಾಲಿಯು ಕೇಳುವ ಪ್ರಶ್ನೆಗಳು ಕಠೋರವಾದವು. ನಿನ್ನೊಡನೆ ನಾನು ಕಾದಲಿಲ್ಲ, ನಿನ್ನ ನಾಡಿಗೆ ಕೇಡುಮಾಡಲಿಲ್ಲ. ಬೇರೊಬ್ಬನೊಡನೆ ಹೋರುತ್ತಿದ್ದವನನ್ನು ಮರೆಯಲ್ಲಿ ನಿಂತು ಹೊಡೆಯುವುದು ಯಾವ ಕ್ಷತ್ರಿಯಧರ್ಮವೆಂದು ಅವನು ಕೇಳುತ್ತಾನೆ. ರಾಮನು ಕೊಡುವ ಉತ್ತರಗಳು ಹಲವು. ಈ ಭೂಮಿ ಇಕ್ಷ್ವಾಕುಗಳದು, ಭರತನ ಆಜ್ಞೆಯಿಂದ ದಂಡಿಸುವ ಅಧಿಕಾರವುಂಟು. ತಮ್ಮನು ಬದುಕಿರುವಾಗಲೇ ಅವನ ಪತ್ನಿಯನ್ನು ಕೂಡಿದವನಿಗೆ ಮರಣವೇ ದಂಡನೆ. ಗೆಳೆಯನಿಗೆ ಕೊಟ್ಟ ಮಾತು ಮೀರಬಾರದು. ಅಲ್ಲದೆ ಮೃಗಗಳನ್ನು ಮರೆಯಲ್ಲಿ ನಿಂತು ಬೇಟೆಯಾಡುವುದು ರಾಜರಿಗೆ ದೋಷವಲ್ಲ. ಇವುಗಳಲ್ಲಿ ಎರಡನೆಯ ಮಾತಿಗಿರುವ ಬಲವು ಕೊನೆಯದಕ್ಕಿಲ್ಲ. ಮೃಗವಾದವನಿಗೆ ಮನುಷ್ಯರ ವಿವಾಹಧರ್ಮವನ್ನು ಹೇಗೆ ವಿಧಿಸಬಹುದು? ಕವಿಯು ಈ ತೊಡಕನ್ನು ಮುಚ್ಚಿಡಲಿಲ್ಲ. ನಾಯಕನ ಕೀರ್ತಿಗೋಸ್ಕರ ವಾಲಿಯ ಬಾಯನ್ನೂ ಕಟ್ಟಲಿಲ್ಲ. ಕಾವ್ಯದ ಪ್ರಾಮಾಣಿಕತೆ ಇರುವುದು ಇಲ್ಲಿಯೇ.

ವಿಮಲಸೂರಿಯ ಪರಂಪರೆಯ ಜೈನ ರಾಮಾಯಣಗಳಲ್ಲಾದರೋ ಈ ಮರೆಯ ಬಾಣವೇ ಇಲ್ಲ. ವಾಲಿಯು ರಾಜ್ಯವನ್ನು ತಮ್ಮನಿಗೊಪ್ಪಿಸಿ ತಪಸ್ಸಿಗೆ ತೆರಳುವನು. ಕೊಪಣವೆಂದು ಪ್ರಸಿದ್ಧವಾಗಿದ್ದ ಕೊಪ್ಪಳವು ಒಮ್ಮೆ ಜೈನರ ಮಹಾತೀರ್ಥವಾಗಿದ್ದಿತೆಂಬುದನ್ನು ಇಲ್ಲಿ ನೆನೆಯಬಹುದು. ಕಿಷ್ಕಿಂಧೆಯ ನೆರೆಯಲ್ಲಿಯೇ ಆ ಕಥೆಗೆ ಬೇರೊಂದು ಮುಗಿವನ್ನು ನಂಬಿದವರೂ ಬಾಳಿದರು.

ವಾಲಿಯ ಪ್ರಶ್ನೆಯು ಹಳೆಯದಾಗಲಿಲ್ಲ. 1947-48ರಲ್ಲಿ ನಿಜಾಮನ ಆಳಿಕೆಯಲ್ಲಿದ್ದ ಈ ಭಾಗಕ್ಕೆ ರಜಾಕಾರರ ಹಾವಳಿ ತಟ್ಟಿದಾಗ, ಅಳವಂಡಿಯ ಶಿವಮೂರ್ತಿ ಸ್ವಾಮಿಗಳ ನೇತೃತ್ವದಲ್ಲಿ ಗಡಿಯಾಚೆಯ ಮುಂಡರಗಿಯಲ್ಲಿ ಶಿಬಿರವು ಏರ್ಪಟ್ಟಿತು. ಮಹಾತ್ಮರ ಅಹಿಂಸೆಯನ್ನು ಬಾಯಿಂದ ಹೊಗಳಿದ ನಾಡು ಆಗ ಶಸ್ತ್ರದ ಮಾತನ್ನೂ ಆಡಬೇಕಾಯಿತು. 1948ರ ಸೆಪ್ಟೆಂಬರಿನಲ್ಲಿ ಭಾರತದ ಸೈನ್ಯವು ಹೈದರಾಬಾದನ್ನು ಪ್ರವೇಶಿಸುವವರೆಗೆ ಈ ಸಂಕಟವು ತಪ್ಪಲಿಲ್ಲ. ಅಂದು ಎದುರುನಿಂತವರನ್ನು ತಪ್ಪಿತಸ್ಥರೆನ್ನುವ ಎದೆ ಯಾರಿಗೂ ಇರಲಾರದು. ಆದರೂ ಕೈಯಲ್ಲಿ ಆಯುಧ ಹಿಡಿದವನು ವಾಲಿಯ ಪ್ರಶ್ನೆಯನ್ನು ಒಮ್ಮೆಯಾದರೂ ಕೇಳಿಕೊಳ್ಳಬೇಕಾದುದೇ.

ಇದಕ್ಕಿಂತಲೂ ಹತ್ತಿರದ ಸಂಕಟವು ನೀರಿನದು. ಹೈದರಾಬಾದ್ ಮದರಾಸುಗಳೆರಡೂ ಕೂಡಿ 1945ರಲ್ಲಿ ಆರಂಭಿಸಿದ ತುಂಗಭದ್ರೆಯ ಅಣೆಕಟ್ಟಿನಲ್ಲಿ 1953ರಲ್ಲಿ ನೀರು ನಿಂತಿತು. ಸುಮಾರು 90 ಗ್ರಾಮಗಳು ಮುಳುಗಿದವು. ಮುಳುಗಿದವರ ಮನೆಗಳಿಗೆ ಬಂದದ್ದು ಪರಿಹಾರ, ಗಂಗಾವತಿಯ ಗದ್ದೆಗಳಿಗೆ ಬಂದದ್ದು ಭತ್ತದ ಐಶ್ವರ್ಯ. ಕುಷ್ಟಗಿ ಯಲಬುರ್ಗೆಗಳ ಬಹುಭಾಗವಾದರೋ ಮಳೆಯ ಮೋಡವನ್ನೇ ನೋಡುತ್ತ ಉಳಿಯಿತು. ಎಡದಂಡೆಯ ಕಾಲುವೆಯ ಉದ್ದವು 227 ಕಿಲೋಮೀಟರು. ಅದು ಜೋಳ, ಹತ್ತಿ, ಶೇಂಗಾಗಳಂಥ ಮಿತನೀರಿನ ಬೆಳೆಗಳನ್ನೇ ಹೆಚ್ಚಾಗಿ ಉದ್ದೇಶಿಸಿ ತೋಡಿದ್ದು. ಮೇಲ್ಭಾಗದವರು ಭತ್ತವನ್ನೇ ಹಿಡಿದರು. ಮಾನ್ವಿ ರಾಯಚೂರುಗಳ ಕೊನೆಯ ಹೊಲದವರು ತೂಬಿನ ಬಾಯಲ್ಲಿ ಕಾಯುತ್ತ ಕುಳಿತರು. 133 ಟಿಎಂಸಿ ನೀರು ಹಿಡಿಯಲೆಂದು ಕಟ್ಟಿದ ಜಲಾಶಯವು ಹೂಳು ತುಂಬಿ ಸುಮಾರು 105ಕ್ಕೆ ಇಳಿಯಿತು. 2024ರ ಆಗಸ್ಟ್ 10ರ ರಾತ್ರಿ, 33 ಗೇಟುಗಳಲ್ಲಿ 19ನೆಯದರ ಸರಪಣಿ ಹರಿದು ಗೇಟೇ ಕೊಚ್ಚಿಹೋದಾಗ ಮೇಲಿನವರೂ ಕೆಳಗಿನವರೂ ಒಂದೇ ಭಯದಿಂದ ನಡುಗಿದರು. ಒಂದು ವಾರದಲ್ಲಿ ತಡೆಹಲಗೆಗಳನ್ನು ಇಳಿಸಿ ನೀರನ್ನು ನಿಲ್ಲಿಸಿದರು. ಭಯವು ಇಳಿದರೂ ಪಾಲಿನ ಪ್ರಶ್ನೆಯು ಇದ್ದಲ್ಲಿಯೇ ಇದ್ದಿತು.

ಮೇಲ್ಭಾಗದ ರೈತನು ಕಳ್ಳನಲ್ಲ. ಅವನಿಗೂ ಸಾಲವುಂಟು, ಮಕ್ಕಳುಂಟು. ಕಣ್ಣೆದುರಿಗೆ ಹರಿಯುವ ನೀರನ್ನು ಬಿಡೆಂದರೆ ಬಿಡುವುದು ಸುಲಭವಲ್ಲ. ಸುಗ್ರೀವನೂ ದುಷ್ಟನಾಗಿರಲಿಲ್ಲ. ರಾಜ್ಯವು ಕೈಗೆ ಬಂದಿತು, ಮಳೆಗಾಲವು ಬಂದಿತು. ರಾಮನು ಪ್ರಸ್ರವಣಗಿರಿಯ ಗುಹೆಯಲ್ಲಿ ನಾಲ್ಕು ತಿಂಗಳು ಕಾದನು. ಹನುಮಂತನು ನೆನಪು ಮಾಡಿದಾಗ, ಹದಿನೈದು ದಿನಗಳೊಳಗೆ ಸೈನ್ಯವು ಸೇರಬೇಕು, ತಪ್ಪಿದವರಿಗೆ ಮರಣದಂಡನೆ ಎಂದು ಸುಗ್ರೀವನು ಆಜ್ಞೆಮಾಡಿ ಮತ್ತೆ ಅಂತಃಪುರವನ್ನು ಹೊಕ್ಕನು. ಆಜ್ಞೆಯಲ್ಲಿ ಕೊರತೆಯಿರಲಿಲ್ಲ, ಕಾಲುವೆಯ ಕಚೇರಿಗಳಲ್ಲಿಯೂ ಇಂಥ ಆಜ್ಞೆಗಳಿಗೆ ಬರವಿಲ್ಲ! ಕಾಯುತ್ತಿದ್ದವನ ನೋವು ಅರಮನೆಯೊಳಗೆ ಕೇಳಿಸಿದ್ದು, ಲಕ್ಷ್ಮಣನು ಸಿಟ್ಟಿನಿಂದ ಬಾಗಿಲಿಗೆ ಬಂದು ನಿಂತ ಮೇಲೆಯೇ. ಆಗಲೂ ಅವನನ್ನು ಮೊದಲು ಎದುರ್ಗೊಂಡು ಸಮಾಧಾನದ ಮಾತನಾಡಿದವಳು ತಾರೆ; ಗಂಡನನ್ನು ಅದೇ ಬಾಣದಿಂದ ಕಳೆದುಕೊಂಡವಳು.

ಆ ಬಳಿಕ ಸುಗ್ರೀವನು ತಾನೇ ಗಿರಿಗೆ ಬಂದು ಕೈಮುಗಿದು ನಿಂತನು. ಒಂದು ತಿಂಗಳ ಗಡುವಿನಿಂದ ನಾಲ್ಕು ದಿಕ್ಕಿಗೂ ವಾನರರು ಹೊರಟರು. ತೆಂಕಣಕ್ಕೆ ಹೊರಟ ಪಡೆಯ ಮುಂದಾಳು ವಾಲಿಯ ಮಗನಾದ ಅಂಗದನು. ಗಡುವು ಮೀರಿ ಸಮುದ್ರತೀರದಲ್ಲಿ ದಿಕ್ಕುಗೆಟ್ಟು ಕುಳಿತಾಗ, ಚಿಕ್ಕಪ್ಪನು ಮಾತು ನಡೆಸಿದ್ದು ಧರ್ಮಕ್ಕಂಜಿಯಲ್ಲ, ಲಕ್ಷ್ಮಣನಿಗಂಜಿ ಎಂದು ಅವನು ಎಲ್ಲರೆದುರಿಗೆ ಹೇಳಿಬಿಟ್ಟನು. ಅಂಥವನ ಬಳಿಗೆ ಹಿಂದಿರುಗುವುದಕ್ಕಿಂತ ಉಪವಾಸದಿಂದ ಸಾಯುವುದೇ ಲೇಸೆಂದು ದರ್ಭೆಯ ಮೇಲೆ ಕುಳಿತನು. ಪಡೆಯವರೂ ಅವನ ಸುತ್ತ ಕುಳಿತರು. ಬೆಟ್ಟದ ಬಿಲದಿಂದ ಮುದಿಹದ್ದು ಸಂಪಾತಿಯು ಹೊರಬಂದುದು ಆ ಸಮಯದಲ್ಲಿ.