ಊರಿನ ದಫ್ತರ ಊರವರಿಗೆ ಸಿಗಲಿ

(ತುಳಸಿಗೇರಿಯಲ್ಲಿ ರೈತರು, ಗಿರಣಿ ಕಾರ್ಮಿಕರು ಹಾಗೂ ಸಣ್ಣ ವ್ಯಾಪಾರಸ್ಥರು ಕೂಡಿದ್ದ ಸಭೆಯಲ್ಲಿ ಮಾಡಿದ ಭಾಷಣ)



ಈ ಊರಿನ ಹನುಮಪ್ಪನ ದರ್ಶನಕ್ಕೆ ಪಾಳಿ ಹಚ್ಚುವ ಜನರನ್ನು ನೀವೆಲ್ಲ ನೋಡಿದ್ದೀರಿ. ಎಷ್ಟೇ ಗದ್ದಲವಿದ್ದರೂ ತನ್ನ ಪಾಳಿ ಬಂದೇ ಬರುತ್ತದೆಂಬ ಭರವಸೆ ಅವರಿಗೆ ಉಂಟು. ಕಚೇರಿಯ ಮುಂದೆ ಪಾಳಿ ಹಚ್ಚಿದ ಬಡವನಿಗೆ ಆ ಭರವಸೆ ಇಲ್ಲ. “ನಾಳಿ ಬರ್ರಿ”, “ಸಾಹೇಬ್ರು ಮೀಟಿಂಗಿಗೆ ಹೋಗ್ಯಾರ”, “ಆ ಬುಕ್ಕು ಸಿಗವಲ್ದು”. ಈ ಮೂರು ಮಾತುಗಳನ್ನು ಕೇಳದವರು ಈ ಸಭೆಯಲ್ಲಿ ಯಾರಾದರೂ ಇದ್ದರೆ ಕೈ ಎತ್ತಿರಿ. ಯಾರೂ ಎತ್ತಲಿಲ್ಲ. ಆದುದರಿಂದ ಇಂದು ಇದೇ ವಿಷಯ ಮಾತನಾಡೋಣ.

ಗಿರಣಿಯಲ್ಲಿ ದುಡಿಯುವವನಿಗೆ ಹೊಲದ ಕಾಗದ ಏಕೆ ಎಂದು ಕೆಲವರು ಕೇಳಬಹುದು. ನಮ್ಮಲ್ಲಿ ಎಷ್ಟು ಜನ ಹಳ್ಳಿಯ ಎರಡೆಕರೆಯನ್ನು ಅಣ್ಣತಮ್ಮಂದಿರ ಕೈಗೆ ಬಿಟ್ಟು ಪಟ್ಟಣಕ್ಕೆ ಬಂದವರಲ್ಲ? ಪಿಂಚಣಿಗೆ ವಯಸ್ಸಿನ ದಾಖಲೆ ಬೇಡವೇ? ಅಂಗಡಿಯವನು ಬ್ಯಾಂಕಿಗೆ ಸಾಲ ಕೇಳಲು ಹೋದರೆ ಜಾಗೆಯ ಉತಾರ ಮೊದಲು ತಾ ಎನ್ನುವುದಿಲ್ಲವೇ? ಬಡವನ ಆಸ್ತಿ ಇರುವುದು ನೆಲದ ಮೇಲಾದರೂ, ಅದು ಅವನದೆಂದು ಹೇಳುವುದು ಕಾಗದ. ಆ ಕಾಗದ ಅವನ ಊರಲ್ಲಿಲ್ಲ.

ಹಿಂದೆ ಅದು ಊರಲ್ಲೇ ಇತ್ತು. ದಫ್ತರವನ್ನು ರುಮಾಲಿನಲ್ಲಿ ಕಟ್ಟಿ ಕುಲಕರ್ಣಿಯವರ ಮನೆಯಲ್ಲಿ ಇಡುತ್ತಿದ್ದರು. ಆ ಕಾಲ ಚೆನ್ನಾಗಿತ್ತೆಂದು ನಾನು ಹೇಳಲಾರೆ. ಕುಲಕರ್ಣಿಯವರ ಪಡಸಾಲೆಯ ಮೇಲೆ ಕಾಲಿಡಲು ಅಪ್ಪಣೆಯಿಲ್ಲದ ಜಾತಿಗಳು ಊರಲ್ಲಿದ್ದವು. ಅಂಥವನ ಹೆಸರಿನ ಮುಂದೆ ಏನು ಬರೆದಿದೆಯೆಂಬುದನ್ನು ಅಂಗಳದಲ್ಲಿ ಕೈಕಟ್ಟಿ ನಿಂತು ಕೇಳಿಸಿಕೊಳ್ಳಬೇಕಾಗಿತ್ತು. ಮುಂಬಯಿ ಸರಕಾರ 1950ರ ಕಾನೂನಿನಿಂದ ಕುಲಕರ್ಣಿ ವತನವನ್ನು ತೆಗೆಯಿತು. ಉಳಿದ ಗ್ರಾಮ ವತನಗಳನ್ನು ಮೈಸೂರು ರಾಜ್ಯದ 1961ರ ಕಾನೂನು ತೆಗೆಯಿತು. ಸಂಬಳದ ತಲಾಠಿ ಬಂದನು. ಇದು ಆಗಬೇಕಾದ ಕೆಲಸವೇ. ಆದರೆ ವತನದ ಜೊತೆಗೆ ದಫ್ತರವೂ ಊರು ಬಿಟ್ಟು ತಾಲೂಕಿಗೆ ಹೋಯಿತು. ಮೊದಲು ಜಾತಿಯ ಕಟ್ಟೆ ಅಡ್ಡ ಇತ್ತು, ಈಗ ದೂರದ ಕಟ್ಟೆ ಅಡ್ಡ ಬಂತು.

ನಮ್ಮ ಭಾಗದ ದೂರ ಸಣ್ಣದಲ್ಲ. ಇಲ್ಲಿಗೆ ಹತ್ತಿರದ ಕಲಾದಗಿ ಒಂದು ಕಾಲಕ್ಕೆ ಜಿಲ್ಲೆಯ ಮುಖ್ಯ ಊರು. ಜಿಲ್ಲೆಯ ಹೆಸರೇ ಕಲಾದಗಿ. 1885ರ ಹೊತ್ತಿಗೆ ಕಲೆಕ್ಟರರ ಕಚೇರಿ ಕೃಷ್ಣೆಯ ಆಚೆ ವಿಜಾಪುರಕ್ಕೆ ಹೋಯಿತು. ನೂರು ವರ್ಷಕ್ಕೂ ಮೇಲೆ ನಮ್ಮ ಹಿರಿಯರು ಜಿಲ್ಲೆಯ ಕೆಲಸಕ್ಕೆ ಹೊಳೆ ದಾಟಿದರು. 1997ರಲ್ಲಿ ಬಾಗಲಕೋಟೆ ಜಿಲ್ಲೆಯಾಯಿತು, ಕಚೇರಿಗಳು ನವನಗರದಲ್ಲಿ ಎದ್ದವು. ಇದರ ನಡುವೆ ರಾಜ್ಯವೂ ಬದಲಾಯಿತು: 1956ರವರೆಗೆ ಮುಂಬಯಿ, ನಂತರ ಮೈಸೂರು, 1973ರಿಂದ ಕರ್ನಾಟಕ. ನೆರೆಯ ಮುಧೋಳ, ಜಮಖಂಡಿಗಳು 1948ರವರೆಗೆ ಸಂಸ್ಥಾನಗಳಾಗಿದ್ದವು. ಅಲ್ಲಿಯ ಕಾಗದದ ದಾರಿಯೇ ಬೇರೆ. ಹಳೆಯ ಇನಾಮಿನ ವಿಷಯ ಬಂದರೆ ಪುಣೆಯ ಪೇಶವೆ ದಫ್ತರದವರೆಗೆ ಹೋಗಬೇಕು, ಅಲ್ಲಿ ಮೋಡಿ ಲಿಪಿ ಓದುವವರನ್ನು ಹುಡುಕಬೇಕು. ರೈತನ ಹೊಲ ಕದಲಲಿಲ್ಲ. ಅದರ ಕಾಗದಗಳು ಮಾತ್ರ ಸರಕಾರ ಹೋದ ಕಡೆಗೆಲ್ಲ ಹೋದವು.

ನನ್ನ ಮನೆಯ ಸಂಗತಿಯನ್ನೇ ಹೇಳುತ್ತೇನೆ. ತಂದೆಯವರು ತೀರಿಕೊಂಡ ಮೇಲೆ ಹೊಲಕ್ಕೆ ತಾಯಿಯ ಹೆಸರು ವಾರಸಾ ಏರಿಸಬೇಕಾಯಿತು. ನೋಡಿದರೆ ಉತಾರದಲ್ಲಿ ಇನ್ನೂ ಅಜ್ಜನ ಹೆಸರೇ ಇದೆ. ಅಜ್ಜ ತೀರಿದ ನೋಂದು ಬೇಕು, ಹಳೆಯ ಕೈಬರಹದ ಪುಸ್ತಕದ ನಕಲು ಬೇಕು ಎಂದರು. ಯಾವ ಕಚೇರಿಯೆಂದು ಹೇಳುವುದಿಲ್ಲ; ಎಲ್ಲ ಕಚೇರಿಗಳೂ ಒಂದೇ ತಾಯಿಯ ಮಕ್ಕಳು. ಆರು ಸಲ ಹೋದೆವು. ಆರು ದಿನದ ನನ್ನ ಪಗಾರ, ತಾಯಿಯ ಕೂಲಿ, ಬಸ್ಸಿನ ಚಾರ್ಜು, ಜೆರಾಕ್ಸು, ಚಹಾ. “ಆ ವರ್ಷದ ಬುಕ್ಕು ಇಲ್ಲ” ಎಂಬ ಒಂದೇ ಉತ್ತರ. ಅಷ್ಟರಲ್ಲಿ ಬಿತ್ತಿಗೆಯ ಹೊತ್ತು ಬಂತು. ಉತಾರದಲ್ಲಿ ಹೆಸರಿಲ್ಲದವರಿಗೆ ಸೊಸೈಟಿಯ ಸಾಲ ಇಲ್ಲ. ಬೀಜ ಗೊಬ್ಬರಕ್ಕೆ ಖಾಸಗಿ ಸಾಲ ತಂದೆವು. ಅದರ ಬಡ್ಡಿ ತೀರಿಸಲು ಎರಡು ಸುಗ್ಗಿ ಬೇಕಾದವು.

ಏಳನೆಯ ಸಲ ಹೊರಟಾಗ ನಿವೃತ್ತ ತಲಾಠಿಯೊಬ್ಬರು ಬಸ್ ನಿಲ್ದಾಣದಲ್ಲಿ ಸಿಕ್ಕು ಹೇಳಿದರು: “ಬುಕ್ಕು ಕೇಳಬ್ಯಾಡ ತಮ್ಮಾ, ಬುಕ್ಕಿನ ಯಾದಿ ಕೇಳು. ಬಾಯಿಲೆ ಕೇಳಬ್ಯಾಡ, ಬರದು ಕೇಳು.” ಹಾಗೆಯೇ ಮಾಡಿದೆ. ದಾಖಲೆ ಕೋಣೆಯಲ್ಲಿರುವ ಪುಸ್ತಕಗಳ ಯಾದಿಯನ್ನು ಕಣ್ಣಾರೆ ನೋಡಬೇಕೆಂದು ಅರ್ಜಿ ಕೊಟ್ಟು, ತಲುಪಿದ ಸಹಿ ತೆಗೆದುಕೊಂಡೆ. ತಾರೀಖು ಕೊಟ್ಟು ಕರೆದರು. ನಮ್ಮ ಊರಿನ ಆ ವರ್ಷದ ಹಾಳೆಗಳನ್ನು ಪಕ್ಕದ ಊರಿನ ಪುಸ್ತಕದ ಜೊತೆ ಸೇರಿಸಿ ಹೊಲಿದಿದ್ದರು. ಅರ್ಧ ತಾಸಿನಲ್ಲಿ ಸಿಕ್ಕಿತು. ಪುಸ್ತಕ ಕಳೆದಿರಲಿಲ್ಲ, ಹುಡುಕಿದವರು ಯಾರೂ ಇರಲಿಲ್ಲ, ಅಷ್ಟೇ.

ಗುಮಾಸ್ತನನ್ನು ಬೈಯುವುದು ಸುಲಭ. ಅವನೂ ಸಂಬಳಕ್ಕೆ ದುಡಿಯುವವನು. ಖಾಲಿ ಬಿದ್ದ ಹುದ್ದೆಗಳ ಕೆಲಸವೂ ಅವನ ತಲೆಯ ಮೇಲೆ. ದಾಖಲೆ ಕೋಣೆಯಲ್ಲಿ ಧೂಳು, ಗೆದ್ದಲು. ತಪ್ಪು ವ್ಯವಸ್ಥೆಯದು. ಕಾಗದ ಎಲ್ಲಿದೆಯೆಂಬುದು ಒಬ್ಬನಿಗೇ ಗೊತ್ತಿದ್ದಾಗ ಅವನ ನೆನಪೇ ಒಂದು ಸರಕಾರವಾಗುತ್ತದೆ. ಆ ಬಾಗಿಲಲ್ಲೇ ದಲ್ಲಾಳಿ ಹುಟ್ಟುತ್ತಾನೆ.

ಇದರಿಂದ ಆಗುವ ನಷ್ಟ ಬಸ್ಸಿನ ಚಾರ್ಜಿನಷ್ಟಕ್ಕೇ ನಿಲ್ಲುವುದಿಲ್ಲ. ಆಲಮಟ್ಟಿಯ ನೀರಿಗೆ ಹೊಲ ಮನೆ ಕೊಟ್ಟ ಜಿಲ್ಲೆ ನಮ್ಮದು. 1894ರ ಭೂಸ್ವಾಧೀನ ಕಾನೂನಿಗೆ 1984ರಲ್ಲಿ 28-ಎ ಎಂಬ ಕಲಮನ್ನು ಸೇರಿಸಿದ್ದರು. ಒಂದೇ ಅಧಿಸೂಚನೆಯಲ್ಲಿ ಹತ್ತು ಜನರ ಹೊಲ ಹೋಗಿದ್ದು, ಒಬ್ಬನು ಕೋರ್ಟಿಗೆ ಹೋಗಿ ಹೆಚ್ಚಿನ ಪರಿಹಾರ ಪಡೆದರೆ, ಕೋರ್ಟಿಗೆ ಹೋಗದ ಒಂಬತ್ತು ಜನರೂ ಅದೇ ದರ ಕೇಳಬಹುದು. ಬಡವನಿಗಾಗಿಯೇ ಮಾಡಿದ ಕಲಮು ಅದು. ಆದರೆ ಕೋರ್ಟಿನ ತೀರ್ಪಾದ ದಿನದಿಂದ ಮೂರು ತಿಂಗಳೊಳಗೆ ಅರ್ಜಿ ಹಾಕಬೇಕಿತ್ತು. ಗೊತ್ತಾದ ದಿನದಿಂದಲ್ಲ, ತೀರ್ಪಾದ ದಿನದಿಂದ ಎಂದು ಸುಪ್ರೀಂ ಕೋರ್ಟೂ ಹೇಳಿತು. ತೀರ್ಪು ಪಟ್ಟಣದಲ್ಲಿ, ಒಂಬತ್ತು ಜನ ಹಳ್ಳಿಯಲ್ಲಿ. ವಕೀಲರ ಪರಿಚಯವಿದ್ದವನಿಗೆ ಸುದ್ದಿ ಮುಟ್ಟುತ್ತದೆ, ಕುರಿ ಕಾಯುವವನಿಗೆ ಮೂರು ತಿಂಗಳು ಕಳೆದ ಮೇಲೆ ಮುಟ್ಟುತ್ತದೆ. 2014ರಿಂದ ಜಾರಿಗೆ ಬಂದ ಹೊಸ ಭೂಸ್ವಾಧೀನ ಕಾನೂನಿನಲ್ಲಿಯೂ 73ನೆಯ ಕಲಮಿನಲ್ಲಿ ಇದೇ ಮೂರು ತಿಂಗಳ ಗಡುವು ಉಂಟು. ನೆರೆಯವನ ತೀರ್ಪಿನ ನಕಲು ಊರಿಗೆ ಬಾರದಿದ್ದರೆ ಹಕ್ಕು ಪುಸ್ತಕದಲ್ಲೇ ಉಳಿಯುತ್ತದೆ.

ಗೇಣಿದಾರರ ಕಥೆಯೂ ಇದೇ. 1951ರಲ್ಲಿ ಕಾಗೋಡಿನಲ್ಲಿ ಗೇಣಿದಾರರು ಎದ್ದು ನಿಂತಾಗ ಡಾ. ಲೋಹಿಯಾ ಅಲ್ಲಿಗೆ ಬಂದು ಬಂಧನಕ್ಕೊಳಗಾದರು. ಅಲ್ಲಿ ಎದ್ದ ಮಾತು 1974ರ ಭೂಸುಧಾರಣಾ ತಿದ್ದುಪಡಿಯವರೆಗೆ ಬಂತು. ಉಳುವವನು ನಮೂನೆ 7ರಲ್ಲಿ ಅರ್ಜಿ ಹಾಕಬೇಕಾಯಿತು. ಕೊನೆಯ ಗಡುವು 1979ರ ಜೂನ್ 30. ಬಾಯಿಮಾತಿನ ಗೇಣಿಯವನ ಹೆಸರು ಪಹಣಿಯ ಸಾಗುವಳಿ ಅಂಕಣದಲ್ಲಿ ಇರಲಿಲ್ಲ. ನೇಗಿಲು ಹಿಡಿದ ಕೈಗೆ ಬೊಬ್ಬೆ ಇತ್ತು, ಬರಹ ಇರಲಿಲ್ಲ. ಭೂಮಿಯ ಹೋರಾಟವೂ ಕಾಗದದ ಹೋರಾಟವೂ ಬೇರೆಬೇರೆಯಲ್ಲ ಎಂದು ಅಂದೇ ನಾವು ಕಲಿಯಬೇಕಾಗಿತ್ತು.

ಈಗ ಎಲ್ಲವೂ ಕಂಪ್ಯೂಟರಿನಲ್ಲಿದೆಯಲ್ಲ ಎಂದು ಕೆಲವರು ಹೇಳುತ್ತಾರೆ. ಭೂಮಿ ಯೋಜನೆ 2000ದ ಸುಮಾರಿಗೆ ಆರಂಭವಾಗಿ ಎರಡೇ ವರ್ಷಗಳಲ್ಲಿ ರಾಜ್ಯದ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿತು. ಉತಾರಕ್ಕಾಗಿ ತಲಾಠಿಯ ಮನೆ ಕಾಯುವ ಕಾಲ ಹೋಯಿತು; ಒಳ್ಳೆಯದನ್ನು ಒಳ್ಳೆಯದೆನ್ನಬೇಕು. ಆದರೆ ಏರಿಸುವಾಗ ಆದ ತಪ್ಪುಗಳೂ ಅದರೊಡನೆ ಏರಿದವು. ಹಣಮಂತ ಹನುಮಂತನಾದ, ನಾಲ್ಕು ಗುಂಟೆ ಮಾಯವಾಯಿತು. ತಪ್ಪು ತಿದ್ದಬೇಕಾದರೆ ಮತ್ತೆ ಹಳೆಯ ಕೈಬರಹದ ಪುಸ್ತಕವೇ ಬೇಕು. ತಾಲೂಕು ದಾಖಲೆ ಕೋಣೆಯ ಹಳೆಯ ಕಾಗದಗಳನ್ನು ಸ್ಕ್ಯಾನ್ ಮಾಡುವ ಭೂ ಸುರಕ್ಷಾ ಯೋಜನೆ 2024ರಲ್ಲಿ ಆರಂಭವಾಯಿತು. ಅದು ನಮ್ಮ ಊರಿನ ಯಾವ ಪುಸ್ತಕ ಮುಗಿಸಿದೆ, ಯಾವುದನ್ನು ಬಿಟ್ಟಿದೆ ಎಂದು ಕೇಳುವವರು ಊರಲ್ಲಿ ಬೇಕು.

ಹಾಗಾದರೆ ಏನು ಮಾಡಬೇಕು? ಮೊದಲು ಕಾಗದದ ಮನೆ ತಿಳಿಯಬೇಕು. ಉತಾರವೂ ಹೆಸರು ಬದಲಿಯ ನೋಂದೂ ನಾಡಕಚೇರಿ, ತಹಸೀಲ್ದಾರ ಕಚೇರಿಯಲ್ಲಿ. ಅಳತೆಯ ಟಿಪ್ಪಣಿ, ಆಕಾರಬಂದ, ನಕಾಶೆ ಭೂಮಾಪನ ಇಲಾಖೆಯಲ್ಲಿ. ಖರೀದಿ ಪತ್ರ ಸಬ್ ರಜಿಸ್ಟ್ರಾರ ಕಚೇರಿಯಲ್ಲಿ; ಅಲ್ಲಿಯ ಸ್ಥಿರ ಆಸ್ತಿಯ 1ನೆಯ ಪುಸ್ತಕವನ್ನೂ ಅದರ ಸೂಚಿಯನ್ನೂ ಶುಲ್ಕ ಕೊಟ್ಟು ಯಾರು ಬೇಕಾದರೂ ನೋಡಬಹುದೆಂದು 1908ರ ನೋಂದಣಿ ಕಾನೂನಿನ 57ನೆಯ ಕಲಮು ಹೇಳುತ್ತದೆ. ಊರೊಳಗಿನ ಮನೆ, ಅಂಗಡಿಯ ಜಾಗೆಯ ನಮೂನೆ 9 ಮತ್ತು 11 ಗ್ರಾಮ ಪಂಚಾಯಿತಿಯಲ್ಲಿ. ಪರಿಹಾರದ ಆದೇಶ ಭೂಸ್ವಾಧೀನ ಕಚೇರಿಯಲ್ಲಿ. ಜನ್ಮದ ನೋಂದು ಸಿಗದಿದ್ದರೆ ಶಾಲೆಯ ದಾಖಲಾತಿ ಪುಸ್ತಕ ನೋಡಿರಿ. ಅದೊಂದು ಇನ್ನೂ ಊರಲ್ಲೇ ಇದೆ.

ಎರಡನೆಯದು, ಬರೆದು ಕೇಳಬೇಕು. 2005ರ ಮಾಹಿತಿ ಹಕ್ಕು ಕಾನೂನಿನಂತೆ ಅರ್ಜಿಗೆ ಹತ್ತು ರೂಪಾಯಿ. ಬಡತನ ರೇಖೆಯ ಕೆಳಗಿನವರಿಗೆ ಅದೂ ಇಲ್ಲ. ಏಕೆ ಬೇಕೆಂದು ಕಾರಣ ಹೇಳಬೇಕಾಗಿಲ್ಲ. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಶಬ್ದದೊಳಗೆ. ತಪ್ಪು ಕಚೇರಿಗೆ ಕೊಟ್ಟರೆ ಅವರೇ ಐದು ದಿನದೊಳಗೆ ಸರಿಯಾದ ಕಚೇರಿಗೆ ಕಳಿಸಬೇಕು. 30 ದಿನದೊಳಗೆ ಉತ್ತರ. ಬಾರದಿದ್ದರೆ ಮುಂದಿನ 30 ದಿನದೊಳಗೆ ಅದೇ ಇಲಾಖೆಯ ಮೇಲಧಿಕಾರಿಗೆ ಮೊದಲ ಮೇಲ್ಮನವಿ, ಅಲ್ಲಿಯೂ ಆಗದಿದ್ದರೆ 90 ದಿನದೊಳಗೆ ಮಾಹಿತಿ ಆಯೋಗಕ್ಕೆ. ನಕಲು ಮಾತ್ರವಲ್ಲ, ಕಡತವನ್ನು ಕಣ್ಣಾರೆ ನೋಡುವ ಹಕ್ಕೂ ಅದರಲ್ಲಿದೆ. ಇದನ್ನು ಬಹಳ ಜನ ಮರೆಯುತ್ತಾರೆ.

ಮೂರನೆಯದು ಎಲ್ಲಕ್ಕಿಂತ ದೊಡ್ಡದು: ಒಬ್ಬನೇ ಹೋಗಬಾರದು. ಈ ಕಾನೂನು ದಿಲ್ಲಿಯ ದೊಡ್ಡವರ ತಲೆಯಲ್ಲಿ ಹುಟ್ಟಿದ್ದಲ್ಲ. ರಾಜಸ್ಥಾನದಲ್ಲಿ 1990ರಲ್ಲಿ ಕಟ್ಟಿದ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆಯ ಕೂಲಿಕಾರರು, ನಾವು ಅಗೆದ ಕೆರೆಯ ಹಾಜರಿ ಪಟ್ಟಿ ತೋರಿಸಿರಿ ಎಂದು ಕೇಳಿದರು. 1994ರಿಂದ ಊರೂರಲ್ಲಿ ಜನರ ಮುಂದೆ ಆ ಪಟ್ಟಿಗಳನ್ನು ಓದಿದರು. ದುಡಿಯದವರ ಹೆಸರಿನಲ್ಲಿ ಕೂಲಿ ಎತ್ತಿದ್ದು ಬಯಲಿಗೆ ಬಂತು. 1996ರಲ್ಲಿ ಬ್ಯಾವರ್ ಪಟ್ಟಣದಲ್ಲಿ ನಲವತ್ತು ದಿನ ಧರಣಿ ಕುಳಿತರು. ಅಲ್ಲಿಯ ವ್ಯಾಪಾರಸ್ಥರು ಕೂಡ ಬೆಂಬಲಕ್ಕೆ ನಿಂತರು. ಅಂಗಡಿಯವನೂ ಕೂಲಿಯವನೂ ಕೂಡಿ ನಿಂತಲ್ಲಿ ಕಾನೂನು ಹುಟ್ಟಿತು. ಈಗ 2023ರ ದತ್ತಾಂಶ ಕಾನೂನಿನ ಹೆಸರಿನಲ್ಲಿ ಮಾಹಿತಿ ಹಕ್ಕಿನ 8ನೆಯ ಕಲಮನ್ನು ಬಿಗಿ ಮಾಡಿದ್ದಾರೆ. ವೈಯಕ್ತಿಕ ಮಾಹಿತಿಯೆಂದು ಹೇಳಿ ಹಾಜರಿ ಪಟ್ಟಿಯ ಹೆಸರುಗಳನ್ನೂ ನಾಳೆ ಮುಚ್ಚಿಡಲು ಅದು ದಾರಿ. ಕೂಡಿ ಪಡೆದದ್ದನ್ನು ಕೂಡಿಯೇ ಕಾಯಬೇಕು.

ಆದುದರಿಂದ ಈ ಸಭೆಯ ಮುಂದೆ ನಾಲ್ಕು ಬೇಡಿಕೆ ಇಡುತ್ತೇನೆ. ಒಂದು, ದಾಖಲೆಗಳ ಯಾದಿ ಮತ್ತು ಸೂಚಿ ಮಾಡಿಡುವುದು ಮಾಹಿತಿ ಹಕ್ಕಿನ 4ನೆಯ ಕಲಮಿನಂತೆ ಕಚೇರಿಯ ಕರ್ತವ್ಯ. ನಮ್ಮ ಊರಿಗೆ ಸಂಬಂಧಿಸಿದ ಯಾದಿಯನ್ನು ಪಂಚಾಯಿತಿಯ ಗೋಡೆಗೆ ಹಚ್ಚಬೇಕು. ಎರಡು, ತಿಂಗಳಿಗೆ ಒಂದು ನಿಶ್ಚಿತ ದಿನ ದಾಖಲೆ ಕೋಣೆಯವರು ಹೋಬಳಿಗೆ ಬರಬೇಕು; ಅದು ಸಂತೆಯ ದಿನವಾಗಲಿ, ಕೂಲಿ ತಪ್ಪದಿರಲಿ. ಮೂರು, ಪುಸ್ತಕ ಇಲ್ಲವೆನ್ನುವವರು ಇಲ್ಲವೆಂದು ಬರೆದು ಸಹಿ ಮಾಡಿ ಕೊಡಬೇಕು. ನಾಲ್ಕು, ಭೂಸ್ವಾಧೀನದ ಪ್ರತಿ ತೀರ್ಪನ್ನೂ ಸಂಬಂಧಪಟ್ಟ ಊರಲ್ಲಿ ಡಂಗುರ ಸಾರಿ ತಿಳಿಸಬೇಕು.

ಸರಕಾರ ಮಾಡುವವರೆಗೆ ನಾವು ಕೈಕಟ್ಟಿ ಕೂಡಬೇಕಾಗಿಲ್ಲ. ಪ್ರತಿ ಓಣಿಯಿಂದ ಓದುಬರಹ ಬಲ್ಲ ಇಬ್ಬರು ಮುಂದೆ ಬನ್ನಿರಿ. ಅವರಲ್ಲಿ ಒಬ್ಬಳು ಹೆಣ್ಣುಮಗಳು ಇರಲಿ, ಏಕೆಂದರೆ ವಾರಸಾ ತಪ್ಪುವುದು ಹೆಚ್ಚಾಗಿ ಅವರದೇ. ಒಂದು ಟ್ರಂಕು, ಒಂದು ವಹಿ ಸಾಕು. ಯಾರು ಯಾವ ಅರ್ಜಿ ಕೊಟ್ಟರು, ಯಾವ ತಾರೀಖು, ಏನು ಉತ್ತರ ಬಂತು, ಬರೆದಿಡಿರಿ. ಒಬ್ಬನು ಏಳು ಸಲ ಅಲೆದು ಕಲಿತದ್ದು ಎರಡನೆಯವನಿಗೆ ಒಂದೇ ಸಲಕ್ಕೆ ದಕ್ಕಲಿ. ಗಿರಣಿಯವರು ಪಟ್ಟಣದಲ್ಲಿದ್ದೀರಿ, ವಾರದ ಸೂಟಿಗೆ ಮೊದಲು ಕಚೇರಿಯಲ್ಲಿ ಅರ್ಜಿ ಮುಟ್ಟಿಸುವ ಕೆಲಸ ನಿಮ್ಮದು. ಅಂಗಡಿಯವರು ಲೆಕ್ಕ ಇಡಬಲ್ಲವರು, ವಹಿ ನಿಮ್ಮದು.

ಇಂದೇ ಆರಂಭಿಸೋಣ. ಸಭೆ ಮುಗಿದ ಮೇಲೆ ನಾನು ಈ ಕಟ್ಟೆಯ ಮೇಲೆ ಕೂಡುತ್ತೇನೆ, ಕಾಗದ ಪೆನ್ನು ತಂದಿದ್ದೇನೆ. ಯಾರ ಉತಾರದಲ್ಲಿ ಸತ್ತವರ ಹೆಸರು ಇನ್ನೂ ಇದೆಯೋ ಅವರು ಮೊದಲು ಬನ್ನಿರಿ.