ತಂಪಿನ ಬಾವಿಯಿಂದ ಐಸ್ ನೀರಿನವರೆಗೆ

ಅಹಮದಾಬಾದಿನ ಉತ್ತರ ಅಂಚಿನ ಚಾಂದ್‌ಖೇಡಾದಲ್ಲಿ ಮೇ ತಿಂಗಳ ಮಧ್ಯಾಹ್ನ ಮನೆಗೆ ಬಂದವರಿಗೆ ಮೊದಲು ಕೊಡುವುದು ತಣ್ಣೀರು. ಆ ತಂಪಿಗೆ ಹಳೆಯ ಚರಿತ್ರೆಯಿದೆ. ಅಲ್ಲಿಂದ ಕೆಲವೇ ಕಿಲೋಮೀಟರ್ ದೂರದ ಅಡಾಲಜ್‌ನಲ್ಲಿ ರಾಣಿ ರುದಾಬಾಯಿ 15ನೇ ಶತಮಾನದ ಕೊನೆಯಲ್ಲಿ ಕಟ್ಟಿಸಿದ ಮೆಟ್ಟಿಲುಬಾವಿ ಐದು ಅಂತಸ್ತು ಕೆಳಗಿಳಿಯುತ್ತದೆ. ಮೇಲೆ ನೆಲ ಸುಡುತ್ತಿದ್ದರೂ ನೀರಿನ ಬಳಿ ಹಿತವಾದ ತಂಪು. ದಾರಿಹೋಕರಿಗೆ ಅದು ಬಾಯಾರಿಕೆಯನ್ನೂ ದಣಿವನ್ನೂ ಕಳೆಯುವ ತಾಣವಾಗಿತ್ತು. ತಂಪನ್ನು ಕಟ್ಟಿಸಿಕೊಡುವುದು ಆಗ ಪುಣ್ಯದ ಕೆಲಸ. ನಮ್ಮ ಅರವಟಿಗೆಯೂ ಗುಜರಾತಿಗಳ ಪರಬ್ ಕೂಡ ಅದೇ ಮನಸ್ಸಿನವು.

ಅರಮನೆಗಳ ದಾರಿ ಬೇರೆ. ಅಕ್ಬರನ ಕಾಲದಲ್ಲಿ ಪೆಟ್ಲುಪ್ಪು ಕರಗಿಸಿದ ನೀರಿನಲ್ಲಿ ಪಾತ್ರೆ ತಿರುಗಿಸಿ ಕುಡಿಯುವ ನೀರನ್ನು ತಣಿಸುತ್ತಿದ್ದರೆಂದು ಅವನ ಆಸ್ಥಾನದ ಅಬುಲ್ ಫಜಲ್ ಬರೆದಿದ್ದಾನೆ. 1833ರಲ್ಲಿ ಬಾಸ್ಟನ್ನಿನ ಫ್ರೆಡರಿಕ್ ಟ್ಯೂಡರ್ ಕಳಿಸಿದ ಹಡಗು, ಕೆರೆಯಲ್ಲಿ ಕೊಯ್ದ ಮಂಜುಗಡ್ಡೆಯನ್ನು ಹೊತ್ತು ನಾಲ್ಕು ತಿಂಗಳ ಪಯಣದ ನಂತರ ಕಲ್ಕತ್ತ ತಲುಪಿತು. 180 ಟನ್ನಿನಲ್ಲಿ ಸುಮಾರು 100 ಟನ್ ಉಳಿದಿತ್ತು! ಮದರಾಸಿನ ಐಸ್ ಹೌಸ್ ಈ ವ್ಯಾಪಾರದ ಸಾಕ್ಷಿಯಾಗಿ ಇಂದೂ ನಿಂತಿದೆ. ಐಸ್ ಕಾರ್ಖಾನೆಗಳು ಬಂದ ಮೇಲೆ ಹಡಗುಗಳ ಕಾಲ ಮುಗಿಯಿತು.

ತಂಪು ಹೀಗೆ ಕೊಳ್ಳುವ ಸರಕಾಯಿತು. ಕೊಳ್ಳಲಾಗದವರ ಪಾಡು 2010ರ ಮೇ ತಿಂಗಳ ಕಡುಬಿಸಿಲಿನಲ್ಲಿ ಕಣ್ಣಿಗೆ ಹೊಡೆಯಿತು. ಆ ಒಂದೇ ತಿಂಗಳಲ್ಲಿ ಅಹಮದಾಬಾದಿನಲ್ಲಿ ವಾಡಿಕೆಗಿಂತ ಸುಮಾರು 1,300 ಸಾವುಗಳು ಹೆಚ್ಚಾದವೆಂದು ಸಂಶೋಧಕರು ಲೆಕ್ಕ ಹಾಕಿದರು. ನಗರ 2013ರಲ್ಲಿ ಬಿಸಿಲಿಗೆಂದೇ ಒಂದು ಕಾರ್ಯಯೋಜನೆ ಮಾಡಿತು. ಮುನ್ನೆಚ್ಚರಿಕೆಯ ಜೊತೆಗೆ ಕುಡಿಯುವ ನೀರಿನ ತಾಣಗಳೂ ಅದರಲ್ಲಿ ಸೇರಿದವು. ರಾಣಿ ಮಾಡಿದ್ದನ್ನು ನಗರಸಭೆ ಮಾಡಲೇಬೇಕು ಎಂದೇ ನನ್ನ ಗಟ್ಟಿ ನಂಬಿಕೆ.

ಐಸ್ ನೀರಿನ ಶಕ್ತಿ ಎಲ್ಲಿದೆ? ಒಂದು ಕಿಲೋ ಐಸ್ ಬರೀ ಕರಗುವುದಕ್ಕೇ ಹೀರುವ ಶಾಖ, ಅಷ್ಟೇ ನೀರನ್ನು ಸೊನ್ನೆಯಿಂದ 80 ಡಿಗ್ರಿಗೆ ಕಾಯಿಸಲು ಸಾಕು. ಅದಕ್ಕೇ ಬಿಸಿಲಿಗೆ ಬಿದ್ದವರನ್ನು ಉಳಿಸಲು ಅದು ಔಷಧಿಯಷ್ಟೇ ಮುಖ್ಯ. ಯಾರಾದರೂ ಮೈ ಕಾದು, ತಡಬಡಾಯಿಸಿ ಕುಸಿದರೆ 108ಕ್ಕೆ ಫೋನ್ ಮಾಡಿ. ನೆರಳಿಗೆ ಒಯ್ದು, ಮೈಮೇಲೆ ತಣ್ಣೀರು ಹಾಕಿ, ಗಾಳಿ ಬೀಸಿ. ಬಟ್ಟೆಯಲ್ಲಿ ಸುತ್ತಿದ ಐಸನ್ನು ಕುತ್ತಿಗೆ, ಕಂಕುಳು, ತೊಡೆಸಂದುಗಳಿಗೆ ಇಡಿ. ಎಚ್ಚರ ತಪ್ಪಿದವರ ಬಾಯಿಗೆ ಮಾತ್ರ ನೀರು ಹಾಕಬೇಡಿ.