ಸ್ಕೀ ನಮ್ಮ ಅಳತೆಗೆ ಇರಲಿ

(ಮಹಿಳಾ ವೇದಿಕೆಯ ಮಾಸಿಕ ಸಭೆಯಲ್ಲಿ ಆಡಿದ ಮಾತುಗಳ ಬರಹರೂಪ)



ದೆಹಲಿಯ ಚಳಿಯನ್ನು ನಾವೆಲ್ಲ ಬೈಯುತ್ತೇವೆ. ಆದರೆ ಇಲ್ಲಿರುವುದರಿಂದ ಒಂದು ಲಾಭವೂ ಇದೆ. ಬೆಳಿಗ್ಗೆ ವಿಮಾನ ಹತ್ತಿದರೆ ಸುಮಾರು ಒಂದೂವರೆ ಗಂಟೆಗೆ ಶ್ರೀನಗರ, ಅಲ್ಲಿಂದ ಐವತ್ತು ಕಿಲೋಮೀಟರ್ ಹೋದರೆ ಗುಲ್ಮಾರ್ಗ್. ಬರುವ ಫೆಬ್ರವರಿಯಲ್ಲಿ ನಮ್ಮಲ್ಲಿ ಹನ್ನೆರಡು ಜನ ಅಲ್ಲಿಗೆ ಸ್ಕೀಯಿಂಗ್ ಕಲಿಯಲು ಹೊರಟಿದ್ದಾರೆ. ನಾನು ಆರು ಚಳಿಗಾಲ ಅಲ್ಲಿ ಸ್ಕೀ ಮಾಡಿದವಳು ಅಂತ ನನಗೆ ಈ ಹೊತ್ತು ಮಾತಾಡಲು ಹೇಳಿದ್ದಾರೆ. ಜಾಕೆಟ್ಟು, ಕೈಗವಸು ಎಲ್ಲಿ ಸಿಗುತ್ತದೆ ಅಂತ ನಿಮಗೇ ಗೊತ್ತು. ನಾನು ಸ್ಕೀ ಆರಿಸುವ ವಿಷಯವಷ್ಟೇ ಹೇಳುತ್ತೇನೆ.

ಮೊದಲು ಎತ್ತರ. ಸ್ಕೀಯನ್ನು ನೆಟ್ಟಗೆ ನಿಲ್ಲಿಸಿ ಪಕ್ಕದಲ್ಲಿ ನಿಂತುಕೊಳ್ಳಿ. ಹೊಸದಾಗಿ ಕಲಿಯುವವರಿಗೆ ಸ್ಕೀಯ ತುದಿ ಗದ್ದಕ್ಕೂ ಮೂಗಿಗೂ ನಡುವೆ ಬರಬೇಕು. ತಿರುವು ಚೆನ್ನಾಗಿ ಕೈಗೂಡಿದ ಮೇಲೆ ಮೂಗಿನಿಂದ ಹಣೆಯವರೆಗೆ. ಆಳವಾದ ಹಿಮದಲ್ಲಿ ವೇಗವಾಗಿ ಇಳಿಯುವ ಪರಿಣತರು ತಮ್ಮಷ್ಟೇ ಉದ್ದದ್ದನ್ನು ಅಥವಾ ಇನ್ನೂ ಉದ್ದದ್ದನ್ನು ಹಾಕುತ್ತಾರೆ. ಐದು ಅಡಿ ಮೂರು ಇಂಚು, ಅಂದರೆ 160 ಸೆಂ.ಮೀ. ಎತ್ತರದ ಹೆಂಗಸಿಗೆ ಮೊದಲ ವರ್ಷ 140ರಿಂದ 148 ಸೆಂ.ಮೀ. ಸ್ಕೀ ಸಾಕು. ಉದ್ದ ಎಷ್ಟು ಅಂತ ಸೆಂಟಿಮೀಟರಿನಲ್ಲಿ ಸ್ಕೀಯ ಮೇಲೆಯೇ ಬರೆದಿರುತ್ತದೆ, ಓದಿ ನೋಡಿ.

ಹಳಬರು ಕೆಲವರು "ಕೈ ಮೇಲೆತ್ತಿದರೆ ಮಣಿಕಟ್ಟಿಗೆ ತಾಗುವಷ್ಟು ಉದ್ದ ಬೇಕು" ಎನ್ನುತ್ತಾರೆ. ಆ ಲೆಕ್ಕ ಹಿಂದೆ ಸ್ಕೀಗಳು ಹೆಚ್ಚುಕಡಿಮೆ ನೇರ ಪಟ್ಟಿಯಂತಿದ್ದಾಗ ಸರಿಯಾಗಿತ್ತು. 1990ರ ದಶಕದಲ್ಲಿ ನಡು ಸಣ್ಣ, ಎರಡು ತುದಿ ಅಗಲವಾದ ಸ್ಕೀ ಬಂತು. ಅಂಚಿನ ಮೇಲೆ ವಾಲಿಸಿದರೆ ಅದು ತಾನೇ ತಿರುಗುತ್ತದೆ. ಹಾಗಾಗಿ ಉದ್ದ ಕಡಿಮೆಯಾಯಿತು, ಕಲಿಯುವುದೂ ಸುಲಭವಾಯಿತು.

ಆದರೆ ಎತ್ತರ ಅರ್ಧ ಲೆಕ್ಕ ಮಾತ್ರ. ಸ್ಕೀಗೆ ನಿಮ್ಮ ಎತ್ತರ ಗೊತ್ತಾಗುವುದಿಲ್ಲ, ತೂಕ ಗೊತ್ತಾಗುತ್ತದೆ. ಸ್ಕೀಯನ್ನು ನೆಲದ ಮೇಲಿಟ್ಟರೆ ಸಾಮಾನ್ಯವಾಗಿ ನಡು ಭಾಗ ಸ್ವಲ್ಪ ಮೇಲೆದ್ದಿರುತ್ತದೆ, ಸ್ಪ್ರಿಂಗ್ ಇದ್ದ ಹಾಗೆ. ನಿಂತವರ ಭಾರಕ್ಕೆ ಅದು ಬಾಗಿದರೆ ತಿರುಗುತ್ತದೆ. ಐವತ್ತು ಕಿಲೋ ಇರುವವರಿಗೆ ಎಂಬತ್ತೈದು ಕಿಲೋದವರ ಸ್ಕೀ ಕೊಟ್ಟರೆ ಅದು ಬಾಗುವುದೇ ಇಲ್ಲ, ನೇರ ಓಡುತ್ತದೆ. ತೂಕ ಕಡಿಮೆ ಇದ್ದರೆ ಸುಮಾರು ಐದು ಸೆಂ.ಮೀ. ಚಿಕ್ಕದು, ಮೆತ್ತಗಿನದು ಕೇಳಿ. ಹೆಚ್ಚಿದ್ದರೆ ಸ್ವಲ್ಪ ಉದ್ದದ್ದು ಕೇಳಿ.

ಇನ್ನು, ಯಾವ ಬಗೆಯ ಸ್ಕೀಯಿಂಗ್ ಎನ್ನುವುದು. ವಿಶ್ವಕಪ್ ಮಟ್ಟದ ಆಟಗಾರ್ತಿಯರನ್ನು ನೋಡಿ. ಒತ್ತೊತ್ತಾಗಿ ನೆಟ್ಟ ಕಂಬಗಳ ನಡುವೆ ಸರಸರ ತಿರುಗುವ ಸ್ಲಾಲಂ ಪಂದ್ಯದಲ್ಲಿ ಮಹಿಳೆಯರಿಗೆ ಕನಿಷ್ಠ 155 ಸೆಂ.ಮೀ. ಸ್ಕೀ. ದೊಡ್ಡ ತಿರುವುಗಳ ಜೈಂಟ್ ಸ್ಲಾಲಂನಲ್ಲಿ ಕನಿಷ್ಠ 188. ಅದೇ ಹುಡುಗಿ, ಅದೇ ಎತ್ತರ, ಕೆಲಸ ಬೇರೆಯಾದ್ದರಿಂದ ಸ್ಕೀಯೂ ಬೇರೆ. 2018ರಲ್ಲಿ ಟರ್ಕಿಯಲ್ಲಿ ಮನಾಲಿ ಕಡೆಯ ಆಂಚಲ್ ಠಾಕೂರ್ ಕಂಚು ಗೆದ್ದದ್ದು ಸ್ಲಾಲಂನಲ್ಲೇ. ನಮ್ಮ ಕೊಡಗಿನ ಭವಾನಿ ತೆಕ್ಕಡ ನಂಜುಂಡ ಅವರದು ಕ್ರಾಸ್ ಕಂಟ್ರಿ. ಅದರಲ್ಲಿ ಸ್ಕೀ ತೆಳ್ಳಗೆ, ಹಗುರ, ಆಳಿಗಿಂತ ಉದ್ದ, ಹಿಮ್ಮಡಿ ಬಿಡಿಯಾಗಿರುತ್ತದೆ. ಟಿವಿಯಲ್ಲಿ ಅದನ್ನು ನೋಡಿ ಅಂಗಡಿಯಲ್ಲಿ ಅಂಥದ್ದೇ ಕೇಳಬೇಡಿ. ನಾವು ಕಲಿಯಲು ಹೊರಟಿರುವುದು ಇಳಿಜಾರಿನ ಸ್ಕೀಯಿಂಗ್.

ಅಗಲವನ್ನೂ ನೋಡಿ. ಸ್ಕೀಯ ಮೇಲೆ ಮೂರು ಅಂಕಿ ಇರುತ್ತವೆ: ಮುಂದಿನ ತುದಿ, ನಡು, ಹಿಂದಿನ ತುದಿಯ ಅಗಲ ಮಿಲಿಮೀಟರಿನಲ್ಲಿ. ನಮಗೆ ಬೇಕಾದ್ದು ನಡುವಿನ ಅಂಕಿ. ಅದು 85ಕ್ಕಿಂತ ಕಡಿಮೆಯಿದ್ದರೆ ಹದಮಾಡಿದ ಇಳಿಜಾರಿಗೆ ಒಳ್ಳೆಯದು, ಬೇಗ ತಿರುಗುತ್ತದೆ. 100 ದಾಟಿದ್ದು ಹೊಸ ಹಿಮದ ಮೇಲೆ ತೇಲಲು. ಗುಲ್ಮಾರ್ಗ್‌ನ ಗೊಂಡೊಲಾದಲ್ಲಿ ಎರಡನೇ ಹಂತ ಹತ್ತಿ ಅಫರ್ವತ್ ಮೇಲಿಂದ ಇಳಿಯುವವರು ಇದನ್ನು ಹಾಕುತ್ತಾರೆ. ಅಲ್ಲಿ ಹಿಮಕುಸಿತದ ಅಪಾಯವೂ ಇದೆ, ಅದು ನಮ್ಮ ಜಾಗವಲ್ಲ. ಕೆಳಗಿನ ಬಯಲಿನಲ್ಲಿ ಕಲಿಯುವವರಿಗೆ ಅಗಲ ಸ್ಕೀ ಹೊರೆಯೇ.

ಇಷ್ಟೆಲ್ಲ ಏಕೆ ಹೇಳುತ್ತಿದ್ದೇನೆಂದರೆ, ಮೂರು ವರ್ಷದ ಹಿಂದೆ ನಮ್ಮ ಗುಂಪಿನಲ್ಲಿದ್ದ ಗೆಳತಿಯೊಬ್ಬರಿಗೆ ಬಾಡಿಗೆ ಅಂಗಡಿಯವರು ಅವರನ್ನು ಏನೂ ಕೇಳಲಿಲ್ಲ. ಯಜಮಾನರ ಜೊತೆ ಮಾತಾಡಿ ಇಬ್ಬರಿಗೂ 170ರ ಸ್ಕೀ ಕಟ್ಟಿಬಿಟ್ಟರು. ಅವರ ಎತ್ತರ ಐದು ಅಡಿ. ಮಧ್ಯಾಹ್ನ ಬಿದ್ದಾಗ ಬೂಟು ಸ್ಕೀಯಿಂದ ಬಿಡಿಸಿಕೊಳ್ಳಲಿಲ್ಲ, ಮೊಣಕಾಲು ತಿರುಚಿತು. ಒಳಗಿನ ಕಟ್ಟು ಹರಿದು ಆಪರೇಷನ್ ಆಯಿತು, ಮೆಟ್ಟಿಲು ಸರಾಗವಾಗಿ ಹತ್ತಲು ಎಂಟು ತಿಂಗಳು ಬೇಕಾಯಿತು. ಸ್ಕೀಯಿಂಗ್‌ನಲ್ಲಿ ಈ ಬಗೆಯ ಗಾಯ ಗಂಡಸರಿಗಿಂತ ಹೆಂಗಸರಿಗೇ ಹೆಚ್ಚು.

ಬೂಟನ್ನು ಸ್ಕೀಗೆ ಹಿಡಿದಿಡುವ ಸಾಧನಕ್ಕೆ ಬೈಂಡಿಂಗ್ ಅನ್ನುತ್ತಾರೆ. ಬಿದ್ದಾಗ ಅದು ಬಿಡಬೇಕು. ಎಷ್ಟು ಒತ್ತಡಕ್ಕೆ ಬಿಡಬೇಕೆಂಬುದಕ್ಕೆ ಡಿಐಎನ್ ಎಂಬ ಅಂಕಿ ಇದೆ. ಅದನ್ನು ತೂಕ, ಎತ್ತರ, ವಯಸ್ಸು, ಬೂಟಿನ ತಳದ ಉದ್ದ, ಕಲಿಕೆಯ ಮಟ್ಟ ನೋಡಿ ಕೋಷ್ಟಕದ ಪ್ರಕಾರ ಇಡುತ್ತಾರೆ. ಐವತ್ತು ತುಂಬಿದವರಿಗೆ ಕಡಿಮೆ ಇಡಬೇಕು. ಈಗ ಯೋಚಿಸಿ, ಅಂಗಡಿಯಲ್ಲಿ ನಾಲ್ಕು ಜನರ ಎದುರು ನಾಚಿಕೊಂಡು ಅರವತ್ತೆಂಟು ಕಿಲೋವನ್ನು ಅರವತ್ತು ಎಂದರೆ, ಐವತ್ತೆರಡು ವರ್ಷವನ್ನು ನಲವತ್ತೈದು ಎಂದರೆ, ಆ ಅಂಕಿ ತಪ್ಪುತ್ತದೆ. ತೂಕ ಕಡಿಮೆ ಹೇಳಿದರೆ ನಿಂತಲ್ಲೇ ಬಿಟ್ಟುಕೊಂಡು ಬೀಳಿಸಬಹುದು. ವಯಸ್ಸು ಕಡಿಮೆ ಹೇಳಿದರೆ ಬೇಕಾದಾಗ ಬಿಡದೆ ಹೋಗಬಹುದು. "ಸ್ವಲ್ಪ ಬರುತ್ತೆ" ಅನ್ನುವ ಮಾತೂ ಅಷ್ಟೇ. ಬರದಿದ್ದರೆ ಬರುವುದಿಲ್ಲ ಅಂತಲೇ ಹೇಳಿ.

ಬ್ಲೌಸ್ ಹೊಲಿಸಲು ಹೋದಾಗ ಅಳತೆ ಕೊಡದೆ ಬರುತ್ತೇವೆಯೇ? ಅರ್ಧ ಇಂಚು ಬಿಗಿಯಾದರೂ ವಾಪಸು ಕೊಡುತ್ತೇವೆ. ಬ್ಲೌಸ್ ಕೆಟ್ಟರೆ ಬಿಚ್ಚಿ ಹೊಲಿಯಬಹುದು, ಮೊಣಕಾಲು ಹಾಗಲ್ಲ. ಅಲ್ಲಿ "ಏನೋ ಒಂದು ಕೊಡಿ" ಅನ್ನಬೇಡಿ, ಮನೆಯವರು ಮಾತಾಡಲಿ ಅಂತ ಹಿಂದೆಯೂ ನಿಲ್ಲಬೇಡಿ.

ಪ್ರವಾಸಕ್ಕೆ ಹೆಸರು ಕೊಟ್ಟವರು ಒಂದು ಚೀಟಿ ಬರೆದಿಟ್ಟುಕೊಳ್ಳಿ. ಎತ್ತರ ಸೆಂಟಿಮೀಟರಿನಲ್ಲಿ, ತೂಕ ಈ ವಾರ ನೋಡಿದ್ದು, ನಿಜವಾದ ವಯಸ್ಸು, ಹಿಮ್ಮಡಿಯಿಂದ ಹೆಬ್ಬೆರಳ ತುದಿಯವರೆಗೆ ಪಾದದ ಉದ್ದ, ಹಿಂದೆ ಎಷ್ಟು ದಿನ ಸ್ಕೀ ಮಾಡಿದ್ದೀರಿ ಎನ್ನುವುದು. ಸ್ಕೀ ಬೂಟಿನ ನಂಬರೂ ಪಾದದ ಸೆಂಟಿಮೀಟರೇ. 24 ಸೆಂ.ಮೀ. ಪಾದಕ್ಕೆ 24 ಅಥವಾ 24.5. ಚೀಟಿ ಅಂಗಡಿಯವರ ಕೈಗೆ ಕೊಟ್ಟು, ನಿಮ್ಮ ಬೂಟು ಹಾಕಿಯೇ ಬೈಂಡಿಂಗ್ ಸರಿಮಾಡಿಸಿ. ಕೋಷ್ಟಕ ನೋಡದೆ ತಿರುಪು ತಿರುಗಿಸುವ ಅಂಗಡಿಯಾದರೆ ಪಕ್ಕದ ಅಂಗಡಿಗೆ ನಡೆಯಿರಿ.

ಆ ಗೆಳತಿ ಹೋದ ವರ್ಷ ಮತ್ತೆ ಬಂದಿದ್ದರು. ಡಾಕ್ಟರನ್ನು ಕೇಳಿ, 135ರ ಸ್ಕೀ ತಾವೇ ಆರಿಸಿ, ನಾಲ್ಕನೇ ದಿನ ಎಲ್ಲೂ ಬೀಳದೆ ಕೆಳಗಿಳಿದರು. ಈ ಸಲದ ಹನ್ನೆರಡು ಜನರಲ್ಲಿ ಅವರೂ ಒಬ್ಬರು. ಚೀಟಿ ಬರೆಯುವಾಗ ಸಂದೇಹ ಬಂದರೆ ನನ್ನನ್ನಾಗಲಿ ಅವರನ್ನಾಗಲಿ ಕೇಳಿ.